ಹೊಗೆಯುಗುಳುವ ವಾಹನಗಳಿಗೆ ಕಡಿವಾಣ: ನಗರಕ್ಕೊಂದು ನ್ಯಾಯ, ಊರಿಗೊಂದು ನ್ಯಾಯವೇ?



ವಾಯುಮಾಲಿನ್ಯದ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೆಹಲಿಯ ಚಳಿಗಾಲದ ಮಬ್ಬು, ಇಲ್ಲವೇ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಸಾಲುಗಟ್ಟಿದ ವಾಹನಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯಂಥ ಊರುಗಳಲ್ಲಿ ಓದುತ್ತಿರುವವರಿಗೆ ‘ಇದು ನಗರದವರ ತಾಪತ್ರಯ, ನಮಗೇಕೆ?’ ಎಂದು ಅನ್ನಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ. ಹೊಗೆಯುಗುಳುವ ಹಳೆಯ ವಾಹನವೊಂದನ್ನು ನಗರದೊಳಗೆ ಬರಬಾರದೆಂದು ತಡೆದರೆ ಆ ವಾಹನ ಏನಾಗುತ್ತದೆ? ಅದು ಕರಗಿಹೋಗುವುದಿಲ್ಲ. ಎಲ್ಲಿ ತಡೆಯುವವರಿಲ್ಲವೋ ಅಲ್ಲಿಗೆ ಹೋಗುತ್ತದೆ. ಆ ‘ಅಲ್ಲಿ’ ಎಂಬುದು ನಿಮ್ಮ ಊರೂ ಆಗಿರಬಹುದು.

ವಾಹನಗಳ ಮೇಲಿನ ನಿರ್ಬಂಧವೆಂದರೇನು, ಅದು ಎಲ್ಲೆಲ್ಲಿ ಹೇಗೆ ಜಾರಿಗೆ ಬಂತು, ಅದನ್ನು ನಗರಕ್ಕಷ್ಟೇ ಸೀಮಿತಗೊಳಿಸಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹೊಗೆಯಲ್ಲಿ ಏನಿರುತ್ತದೆ?

ಪೆಟ್ರೋಲ್ ಮತ್ತು ಡೀಸೆಲ್ ಪೂರ್ತಿಯಾಗಿ ಉರಿದರೆ ಉಳಿಯಬೇಕಾದುದು ಮುಖ್ಯವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್. ಆದರೆ ಯಾವ ಎಂಜಿನ್ನಿನಲ್ಲಿಯೂ ಇಂಧನ ಪೂರ್ತಿಯಾಗಿ ಉರಿಯುವುದಿಲ್ಲ. ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ, ಉರಿಯದೆ ಉಳಿದ ಹೈಡ್ರೋಕಾರ್ಬನ್‌ಗಳು ಮತ್ತು ಕಪ್ಪು ಮಸಿ ಹೊರಬರುತ್ತವೆ. ಎಂಜಿನ್ನಿನ ಒಳಗಿನ ವಿಪರೀತ ಶಾಖದಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಎರಡು ಸ್ಟ್ರೋಕಿನ ಹಳೆಯ ಆಟೊ ಮತ್ತು ಸ್ಕೂಟರುಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಸೇರಿ ಉರಿಯುತ್ತದೆ. ಅದರ ಜೊತೆಗೆ ಇಂಧನದ ಒಂದು ಪಾಲು ಉರಿಯುವ ಮೊದಲೇ ಹೊರಬಿದ್ದು ಹೋಗುತ್ತದೆ. ಅವುಗಳ ಹಿಂದೆ ಕಾಣುವ ನೀಲಿ ಹೊಗೆಗೆ ಇದೇ ಕಾರಣ.

ಇವುಗಳಲ್ಲಿ ಹೆಚ್ಚು ಅಪಾಯಕಾರಿಯಾದುದು ಅತಿ ಸಣ್ಣ ಕಣ. ಇದನ್ನು ಪಿಎಂ 2.5 ಎಂದು ಕರೆಯುತ್ತಾರೆ. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಗಾತ್ರದ ಕಣ. ತಲೆಗೂದಲಿನ ದಪ್ಪದ ಸುಮಾರು 30ನೆಯ ಒಂದು ಭಾಗ. ಮೂಗಿನ ಕೂದಲಾಗಲಿ ಗಂಟಲಿನ ತೇವವಾಗಲಿ ಇದನ್ನು ತಡೆಯಲಾರದು. ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲಿಂದ ರಕ್ತಕ್ಕೂ ಸೇರಬಲ್ಲದು. ಗಾಳಿಯ ಪ್ರತಿ ಘನ ಮೀಟರಿನಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂಬುದು 2009ರಲ್ಲಿ ಭಾರತ ನಿಗದಿಪಡಿಸಿದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಪ್ರಮಾಣವಾದರೋ ಕೇವಲ 5 ಮೈಕ್ರೋಗ್ರಾಂ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು.

ನಿರ್ಬಂಧದ ಮೂರು ಬಗೆಗಳು

ವಾಹನಗಳ ಮೇಲಿನ ನಿರ್ಬಂಧವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ವಾಹನದ ಗುಣವನ್ನು ನೋಡಿ ತಡೆಯುವುದು. ಎರಡನೆಯದು, ಸ್ಥಳವನ್ನು ನೋಡಿ ತಡೆಯುವುದು. ಮೂರನೆಯದು, ದಿನ ಅಥವಾ ವೇಳೆಯನ್ನು ನೋಡಿ ತಡೆಯುವುದು.

ಮೊದಲ ಬಗೆಗೆ ನಮ್ಮ ದೇಶದ ದೊಡ್ಡ ಉದಾಹರಣೆ ದೆಹಲಿ. ಅಲ್ಲಿನ ಬಸ್ಸುಗಳೆಲ್ಲ ಡೀಸೆಲ್ ಬಿಟ್ಟು ಸಿಎನ್‌ಜಿ ಅನಿಲಕ್ಕೆ ಬದಲಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1998ರ ಜುಲೈನಲ್ಲಿ ಆದೇಶಿಸಿತು. ಅನಿಲ ತುಂಬುವ ಕೇಂದ್ರಗಳು ಸಾಲದೆ ಮೈಲುದ್ದದ ಸರತಿ, ಮಾಲೀಕರ ಪ್ರತಿಭಟನೆ, ಗಡುವಿನ ವಿಸ್ತರಣೆ ಎಲ್ಲವೂ ಆದವು. ಕೊನೆಗೆ 2002ರ ಡಿಸೆಂಬರ್ ವೇಳೆಗೆ ನಗರದ ಡೀಸೆಲ್ ಬಸ್ಸುಗಳು ರಸ್ತೆಯಿಂದ ಇಳಿದವು.

ಎರಡನೆಯ ಬಗೆಗೆ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವನ್ನು ನೋಡಬಹುದು. ಹಳೆಯ ಡೀಸೆಲ್ ಲಾರಿ, ಬಸ್ಸುಗಳು ನಗರದ ಒಳಭಾಗಕ್ಕೆ ಬಾರದಂತೆ ಅಲ್ಲಿ 1996ರಲ್ಲಿಯೇ ಪರಿಸರ ವಲಯವನ್ನು ಮಾಡಿದರು. ಲಂಡನ್ ನಗರ 2019ರ ಏಪ್ರಿಲ್‌ನಲ್ಲಿ ನಡುಭಾಗದ ಸುತ್ತ ಒಂದು ಗೆರೆ ಎಳೆಯಿತು. ಹೊಗೆಯ ಮಟ್ಟ ಮೀರುವ ಕಾರು ಆ ಗೆರೆಯೊಳಗೆ ಬಂದರೆ ದಿನಕ್ಕೆ 12.50 ಪೌಂಡ್ ಶುಲ್ಕ. ಮುಂದೆ 2021ರಲ್ಲಿ ಆ ಗೆರೆಯನ್ನು ಹೊರಕ್ಕೆ ಸರಿಸಿ, 2023ರ ಆಗಸ್ಟ್‌ನಲ್ಲಿ ಇಡೀ ಲಂಡನ್ನಿಗೆ ವಿಸ್ತರಿಸಿದರು. ಹೊರವಲಯದಲ್ಲಿ ಇರುವವರೂ ಅದೇ ಗಾಳಿಯನ್ನು ಉಸಿರಾಡುವವರಲ್ಲವೇ? ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿಯೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರಗಳಂದು ವಾಹನಗಳನ್ನು ಪೂರ್ತಿ ನಿಲ್ಲಿಸಿ, ಗಾಳಿಯನ್ನು ಅಳೆದು ನೋಡುವ ಪ್ರಯೋಗ ನಡೆಯಿತು.

ಮೂರನೆಯ ಬಗೆ ದೆಹಲಿಯ ‘ಸಮ-ಬೆಸ’ ಯೋಜನೆ. 2016ರ ಜನವರಿ 1ರಿಂದ 15ರವರೆಗೆ ಕಾರುಗಳ ನೋಂದಣಿ ಸಂಖ್ಯೆಯ ಕೊನೆಯ ಅಂಕಿಯಂತೆ ಒಂದು ದಿನ ಸಮಸಂಖ್ಯೆ, ಮರುದಿನ ಬೆಸಸಂಖ್ಯೆ. ಆದರೆ ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಇತ್ತು. ಹಳೆಯ ಕಾರು, ಹೊಸ ಕಾರು ಎಂಬ ಭೇದವನ್ನೂ ಈ ನಿಯಮ ಮಾಡಲಿಲ್ಲ. ಹೀಗಾಗಿ ರಸ್ತೆಯ ದಟ್ಟಣೆ ಇಳಿದಷ್ಟು ಸುಲಭವಾಗಿ ಗಾಳಿ ತಿಳಿಯಾಗುವುದೆಂದು ಹೇಳಲಾಗದು. ಯಾವ ವಾಹನವನ್ನು ತಡೆಯುತ್ತೇವೆ ಎಂಬುದು ಎಷ್ಟು ವಾಹನ ತಡೆಯುತ್ತೇವೆ ಎಂಬುದಕ್ಕಿಂತ ಮುಖ್ಯ.

ಮೊದಲು ನಗರ, ಆಮೇಲೆ ಊರು

ಈಗ ನಮ್ಮ ದೇಶದ ನಿಯಮಗಳು ಬೆಳೆದುಬಂದ ಬಗೆಯನ್ನು ಗಮನಿಸಿ. ಸೀಸವಿಲ್ಲದ ಪೆಟ್ರೋಲ್ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. ದೇಶದ ಉಳಿದೆಲ್ಲ ಭಾಗಕ್ಕೆ ಬರುವಾಗ 2000ದ ಫೆಬ್ರವರಿ ಆಗಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ಲೋಹ. ಊರಿನ ಮಕ್ಕಳಿಗೂ ನಗರದ ಮಕ್ಕಳಿಗೂ ಅದರ ಹಾನಿ ಒಂದೇ. ಆದರೂ ಸುಮಾರು ಐದು ವರ್ಷ ಎರಡು ಬಗೆಯ ಪೆಟ್ರೋಲ್ ನಡೆಯಿತು.

ಮುಂದೆ ‘ಭಾರತ್ ಸ್ಟೇಜ್’ ಎಂಬ ಹೊಗೆಯ ಮಾನದಂಡಗಳು ಬಂದವು. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ನಾಲ್ಕನೆಯ ಹಂತ ಅಂದರೆ ಬಿಎಸ್ 4 ಜಾರಿಯಾಯಿತು. ದೇಶದ ಉಳಿದ ಭಾಗಕ್ಕೆ ಬಿಎಸ್ 3. ಇದರ ಅರ್ಥವೇನು? ಬಿಎಸ್ 3ರ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. ಬಿಎಸ್ 4ರ ಡೀಸೆಲ್‌ನಲ್ಲಿ 50 ಭಾಗ ಮಾತ್ರ. ಅಂದರೆ ಬೆಂಗಳೂರಿನ ಬಂಕ್‌ನಲ್ಲಿ ಒಂದು ಡೀಸೆಲ್, ದೇಶದ ನೂರಾರು ತಾಲ್ಲೂಕು ಕೇಂದ್ರಗಳ ಬಂಕ್‌ನಲ್ಲಿ ಇನ್ನೊಂದು ಡೀಸೆಲ್. ಇಡೀ ದೇಶಕ್ಕೆ ಬಿಎಸ್ 4 ಬಂದದ್ದು 2017ರ ಏಪ್ರಿಲ್ 1ರಂದು.

ಇದರಿಂದ ನಗರಕ್ಕಾದರೂ ಪೂರ್ತಿ ಲಾಭವಾಯಿತೆ? ಇಲ್ಲ. ಲಾರಿ ಒಂದೇ ಊರಿನಲ್ಲಿ ಓಡುವ ವಾಹನವಲ್ಲ. ದೂರದ ದಾರಿಯಲ್ಲಿ ಎಲ್ಲಿ ಡೀಸೆಲ್ ಮುಗಿಯುತ್ತದೋ ಅಲ್ಲಿ ತುಂಬಿಸಿಕೊಳ್ಳಬೇಕು. ಶುದ್ಧ ಇಂಧನ ಎಲ್ಲೆಡೆ ಸಿಗುವವರೆಗೆ ಶುದ್ಧ ಎಂಜಿನ್ನಿನ ಲಾರಿಯನ್ನು ಕೊಳ್ಳುವವರಿರಲಿಲ್ಲ. ಹಾಗಾಗಿ ಬಿಎಸ್ 3ರ ಲಾರಿಗಳೇ ಊರುಗಳಿಂದ ಹೊರಟು ಬೆಂಗಳೂರಿನ ಮಾರುಕಟ್ಟೆಗೂ ಬಂದು ನಿಲ್ಲುತ್ತಿದ್ದವು. ಊರನ್ನು ಬಿಟ್ಟು ನಗರವನ್ನಷ್ಟೇ ಶುಚಿಮಾಡಲು ಹೊರಟರೆ ನಗರವೂ ಶುಚಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ತಾರತಮ್ಯ 2020ರ ಏಪ್ರಿಲ್ 1ರಂದು ಕೊನೆಗೊಂಡಿತು. ಅಂದು ಐದನೆಯ ಹಂತವನ್ನು ದಾಟಿ, ಬಿಎಸ್ 6 ಏಕಕಾಲಕ್ಕೆ ಇಡೀ ದೇಶಕ್ಕೆ ಬಂತು. ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿಯಿತು. ಗಂಧಕ ಇಷ್ಟು ಕಡಿಮೆಯಾದರೆ ಮಾತ್ರ ಹೊಗೆಕೊಳವೆಯಲ್ಲಿ ಕೂರಿಸುವ ಮಸಿ ಸೋಸುವ ಜಾಲರಿ ಸರಿಯಾಗಿ ಬಾಳುತ್ತದೆ. ಬಿಎಸ್ 3ರ ಭಾರಿ ಡೀಸೆಲ್ ವಾಹನಕ್ಕೆ ಇದ್ದ ಮಸಿಯ ಮಿತಿಗೆ ಹೋಲಿಸಿದರೆ ಬಿಎಸ್ 6ರ ಮಿತಿ ಹತ್ತರಲ್ಲಿ ಒಂದು ಪಾಲು. ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಹಳೆಯ ಮಿತಿಯ ಒಂದು ಲಾರಿಗೆ ಬಿಟ್ಟಿದ್ದ ಮಸಿಯಲ್ಲಿ ಹೊಸ ಮಿತಿಯ ಹತ್ತು ಲಾರಿಗಳು ಅಷ್ಟೇ ಕೆಲಸ ಮಾಡಬಹುದು.

ನಮ್ಮ ಹಾದಿಯ ಪಾಠ

ಒಂದು ಕಡೆ ತಡೆದ ವಾಹನ ಇನ್ನೊಂದು ಕಡೆ ಹರಿಯುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಎಚ್.ಡಿ. ಕೋಟೆಯಿಂದ ನಾಗರಹೊಳೆ ಕಾಡಿನ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಲ್ಲಿಸಲಾಯಿತು. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿ ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ಆದೇಶ ಹೊರಡಿಸಿದರು. ಕೆಲವೇ ದಿನಗಳಲ್ಲಿ ಅದು ಹಿಂದಕ್ಕೆ ಹೋಯಿತು. ವಿಷಯ ಹೈಕೋರ್ಟಿನ ಮುಂದೆ ಬಂದು, 2010ರ ಮಾರ್ಚ್‌ನಲ್ಲಿ ನಿಷೇಧವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ನಿಗದಿತ ಸಂಖ್ಯೆಯ ಬಸ್ಸುಗಳಿಗೂ ವಿನಾಯಿತಿ ದೊರೆಯಿತು.

ಈ ನಿಷೇಧದ ಉದ್ದೇಶ ಗಾಳಿಯಲ್ಲ, ವನ್ಯಪ್ರಾಣಿಗಳ ರಕ್ಷಣೆ. ಆದರೂ ನಮ್ಮ ವಿಷಯಕ್ಕೆ ಇದರಿಂದ ಎರಡು ಪಾಠಗಳಿವೆ. ಮೋಟಾರು ವಾಹನ ಕಾಯಿದೆ, 1988ರ 115ನೆಯ ಕಲಮಿನಂತೆ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಇದೆ ಎಂಬುದು ಮೊದಲನೆಯದು. ಇದು ಮಹಾನಗರಗಳಿಗಷ್ಟೇ ಮೀಸಲಾದ ಅಧಿಕಾರವಲ್ಲ. ಎರಡನೆಯ ಪಾಠ ಇನ್ನೂ ಮುಖ್ಯ. ರಾತ್ರಿ ಕಾಡಿನ ದಾರಿ ಮುಚ್ಚಿದಾಗ ವಯನಾಡಿನ ಕಡೆಯ ವಾಹನಗಳಿಗೆ ಬದಲಿ ದಾರಿಯೆಂದು ತೋರಿಸಿದ್ದು ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವನ್ನು. ಆನೆಗಳಿಗೆ ರಾತ್ರಿಯ ನೆಮ್ಮದಿ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಆ ವಾಹನಗಳ ಸದ್ದೂ ಹೊಗೆಯೂ ಹುಣಸೂರು, ಪಂಚವಳ್ಳಿಯಂಥ ಊರುಗಳ ಪಾಲಿಗೆ ಬಂದವು. ನಿರ್ಬಂಧವನ್ನು ಹಾಕುವವರು, ತಡೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಹಳೆಯ ಗಾಡಿ ಯಾರ ಪಾಲಿಗೆ?

ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಹಾಗೆ ಹೊರಬಿದ್ದ ವಾಹನಗಳ ಪೈಕಿ ತೀರಾ ಹಳೆಯವಲ್ಲದವನ್ನು ಗಾಳಿ ಚೆನ್ನಾಗಿ ಬೀಸುವ, ವಾಹನಗಳು ಕಡಿಮೆಯಿರುವ ಪ್ರದೇಶಗಳಿಗೆ ಕಳುಹಿಸಬಹುದೆಂದೂ, ಅಂಥ ಪ್ರದೇಶಗಳನ್ನು ರಾಜ್ಯಗಳು ಗುರುತಿಸಬೇಕೆಂದೂ 2016ರಲ್ಲಿ ಹೇಳಿತು. ಇದರಲ್ಲಿ ತರ್ಕ ಇಲ್ಲವೆನ್ನುವಂತಿಲ್ಲ. ಬಯಲಿನಲ್ಲಿ ಹೊಗೆ ಬೇಗ ಚದುರುತ್ತದೆ, ಉಸಿರಾಡುವ ಜನರೂ ಕಡಿಮೆ. ಆದರೆ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣ ಬಯಲಲ್ಲ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಸುತ್ತಲಿನ ಹಳ್ಳಿಗಳ ಮಕ್ಕಳೆಲ್ಲ ಅಲ್ಲಿಯೇ ಇಳಿಯುತ್ತಾರೆ, ಅಲ್ಲಿಯೇ ಹತ್ತುತ್ತಾರೆ. ಎಂಜಿನ್ ಆರಿಸದೆ ನಿಂತ ವಾಹನದ ಹೊಗೆಕೊಳವೆಗೂ ಚಿಕ್ಕ ಮಕ್ಕಳ ಮುಖಕ್ಕೂ ಇರುವ ಅಂತರ ಹೆಚ್ಚೇನಲ್ಲ.

ಹಾಗೆಂದು ಹಳೆಯ ವಾಹನದ ಒಡೆಯನನ್ನು ಅಪರಾಧಿಯಂತೆ ಕಾಣುವುದೂ ಸರಿಯಲ್ಲ. ಹೊಸ ಗೂಡ್ಸ್ ಆಟೊ ಕೊಳ್ಳಲು ಹಣವಿಲ್ಲದವನು ಹತ್ತು ವರ್ಷ ಓಡಿದ ಗಾಡಿಯನ್ನು ಕೊಂಡು ಸಂಸಾರ ಸಾಗಿಸುತ್ತಾನೆ. ಸಂತೆಗೆ ತರಕಾರಿ, ಹರಾಜು ಮಾರುಕಟ್ಟೆಗೆ ತಂಬಾಕು ಸಾಗುವುದು ಅಂಥ ಗಾಡಿಗಳಲ್ಲಿಯೇ. ಅವನ ಗಾಡಿಯನ್ನು ತಡೆಯುವ ಸರ್ಕಾರ ಅವನಿಗೊಂದು ದಾರಿಯನ್ನೂ ತೋರಬೇಕು. ಬೆಂಗಳೂರಿನ ಎರಡು ಸ್ಟ್ರೋಕಿನ ಆಟೊಗಳನ್ನು ಬಿಟ್ಟು ನಾಲ್ಕು ಸ್ಟ್ರೋಕಿನ ಅನಿಲದ ಆಟೊ ಕೊಳ್ಳುವವರಿಗೆ ರಾಜ್ಯ ಸರ್ಕಾರ 30,000 ರೂಪಾಯಿಗಳ ಸಹಾಯಧನವನ್ನು ಪ್ರಕಟಿಸಿತ್ತು. ಇಂಥ ಯೋಜನೆಯಲ್ಲಿ ಮುಖ್ಯವಾದುದು ಹಳೆಯ ಗಾಡಿ ಗುಜರಿಗೆ ಹೋಗುವಂತೆ ನೋಡಿಕೊಳ್ಳುವುದು. ಗುಜರಿಗೆ ಹಾಕದೆ ಪಕ್ಕದ ಜಿಲ್ಲೆಗೆ ಮಾರಿಬಿಟ್ಟರೆ ಸರ್ಕಾರದ ಹಣದಿಂದ ಹೊಗೆ ಸ್ಥಳಾಂತರವಾದಂತೆ, ಅಷ್ಟೇ. ಸರ್ಕಾರ ತನ್ನದೇ ವಾಹನಗಳ ವಿಷಯದಲ್ಲಿ ಈ ದಾರಿ ಹಿಡಿದಿದೆ. 15 ವರ್ಷ ತುಂಬಿದ ಸರ್ಕಾರಿ ವಾಹನಗಳು, ಸಾರಿಗೆ ನಿಗಮದ ಬಸ್ಸುಗಳೂ ಸೇರಿ, 2023ರ ಏಪ್ರಿಲ್ 1ರಿಂದ ನೋಂದಣಿ ಕಳೆದುಕೊಂಡು ಗುಜರಿಗೆ ಹೋಗಬೇಕೆಂಬ ನಿಯಮ ಬಂದಿದೆ.

ಹೊಗೆ ತಪಾಸಣೆ ಎಷ್ಟು ಹೇಳುತ್ತದೆ?

‘ಎಲ್ಲ ವಾಹನಗಳಿಗೂ ಹೊಗೆ ತಪಾಸಣೆಯ ಚೀಟಿ ಇರುತ್ತದಲ್ಲ?’ ಎಂದು ನೀವು ಕೇಳಬಹುದು. ಇರಬೇಕಾದುದು ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹೊಸ ವಾಹನಕ್ಕೆ ಮೊದಲ ಒಂದು ವರ್ಷ ವಿನಾಯಿತಿ. ಆಮೇಲೆ ಬಿಎಸ್ 4 ಮತ್ತು ಬಿಎಸ್ 6 ವಾಹನಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕು. ಪೆಟ್ರೋಲ್ ವಾಹನ ನಿಂತು ಓಡುತ್ತಿರುವಾಗ ಅದರ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣವನ್ನು ಅಳೆಯುತ್ತಾರೆ. ಡೀಸೆಲ್ ವಾಹನದ ಎಂಜಿನ್ ವೇಗವನ್ನು ಏರಿಸಿ ಹೊಗೆ ಎಷ್ಟು ಮಬ್ಬಾಗಿದೆ ಎಂಬುದನ್ನು ನೋಡುತ್ತಾರೆ. ಆದರೆ ಭಾರ ಹೊತ್ತು ಏರು ಹತ್ತುವಾಗ ಬರುವ ಹೊಗೆಯನ್ನು ಈ ತಪಾಸಣೆ ಕಾಣುವುದಿಲ್ಲ. ಪಿಎಂ 2.5 ಕಣಗಳನ್ನಾಗಲಿ ಸಾರಜನಕದ ಆಕ್ಸೈಡುಗಳನ್ನಾಗಲಿ ಅಳೆಯುವುದಿಲ್ಲ. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವುದಕ್ಕೆ ಇದನ್ನು ಹೋಲಿಸಬಹುದು. ಅದು ಬೇಕು, ಆದರೆ ಅಷ್ಟೇ ಸಾಲದು.

ನಮ್ಮ ಊರುಗಳಲ್ಲಿ ಏನು ಸಾಧ್ಯ?

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ನಗರಗಳು. ಮೈಸೂರು ಆ ಪಟ್ಟಿಯಲ್ಲಿಲ್ಲ. ತಾಲ್ಲೂಕು ಕೇಂದ್ರಗಳ ಮಾತಂತೂ ದೂರವೇ ಉಳಿಯಿತು. ಆದ್ದರಿಂದ ಇಲ್ಲಿಯ ಕೆಲಸ ಇಲ್ಲಿಯವರಿಂದಲೇ ಆರಂಭವಾಗಬೇಕು.

ಈ ತಾಲ್ಲೂಕುಗಳಲ್ಲಿ ಹೊಗೆಗೆ ವಾಹನವೊಂದೇ ಕಾರಣವಲ್ಲ ಎಂಬುದನ್ನು ಮರೆಯಬಾರದು. ತಂಬಾಕು ಹದ ಮಾಡುವ ಬ್ಯಾರನ್‌ಗಳಲ್ಲಿ ಸೌದೆ ಉರಿಯುತ್ತದೆ, ರಸ್ತೆಯ ಬದಿಯಲ್ಲಿ ಕಸ ಉರಿಯುತ್ತದೆ, ಒಲೆಯ ಹೊಗೆಯೂ ಇದೆ. ಆದರೆ ಬ್ಯಾರನ್ ಉರಿಯುವುದು ಆ ಕಾಲಕ್ಕೆ ಮಾತ್ರ. ವಾಹನದ ಹೊಗೆ ವರ್ಷವಿಡೀ, ಜನ ಹೆಚ್ಚು ಸೇರುವ ಕಡೆಯಲ್ಲಿಯೇ ಇರುತ್ತದೆ.

ಬಸ್ ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಲ್ಲುವ ಬಸ್ಸುಗಳ ಎಂಜಿನ್ ಆರಿಸಬೇಕೆಂದು ಘಟಕದ ವ್ಯವಸ್ಥಾಪಕರು ಸೂಚನೆ ನೀಡಬಹುದು. ಇದಕ್ಕೆ ಖರ್ಚಿಲ್ಲ, ಡೀಸೆಲ್ಲೇ ಉಳಿಯುತ್ತದೆ. ಶಾಲೆ ಆರಂಭವಾಗುವ ಮತ್ತು ಬಿಡುವ ವೇಳೆಯಲ್ಲಿ ಆ ರಸ್ತೆಗೆ ಲಾರಿಗಳು ಬಾರದಂತೆ ಮಾಡಬಹುದು. ಊರ ನಡುವಿನ ಪೇಟೆ ಬೀದಿಗೆ ಸರಕು ಇಳಿಸುವ ವೇಳೆಯನ್ನು ಗೊತ್ತುಪಡಿಸಬಹುದು. ಇವೆಲ್ಲವೂ ಲಂಡನ್ನಿನ ಗೆರೆಯಂಥವೇ, ನಮ್ಮ ಅಳತೆಗೆ ತಕ್ಕವು.

ಆದರೆ ಯಾವ ನಿರ್ಬಂಧವೂ ಬಸ್ಸಿಲ್ಲದೆ ನಿಲ್ಲುವುದಿಲ್ಲ. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಉಳಿದ ಮೂರಕ್ಕೂ ಬಸ್ಸೇ ಆಧಾರ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಬಸ್ಸಿನ ಬೇಡಿಕೆ ಹೆಚ್ಚಿದೆ. ಹೊತ್ತಿಗೆ ಸರಿಯಾಗಿ ಬಸ್ಸು ಬಂದರೆ, ಕೂರಲು ಜಾಗ ಸಿಕ್ಕರೆ, ಕಾಲೇಜಿಗೆ ಹೋಗಲು ಹಳೆಯ ಬೈಕ್ ಕೊಡಿಸಿರೆಂದು ಮಕ್ಕಳು ಅಪ್ಪನನ್ನು ಕಾಡುವುದು ತಪ್ಪೀತು.

ನೀವೇ ಮಾಡಿ ನೋಡಿ

ಕೆಎ 45 ಎಂಬುದು ಹುಣಸೂರು ಸಾರಿಗೆ ಕಚೇರಿಯ ನೋಂದಣಿ ಸಂಖ್ಯೆ. ಮೈಸೂರಿನದು 09 ಮತ್ತು 55. ಬೆಂಗಳೂರಿನ ಹಳೆಯ ಕಚೇರಿಗಳದು 01ರಿಂದ 05. ರಾಜ್ಯದೊಳಗೆ ವಾಹನ ಕೈ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ವಾಹನ ಮೊದಲು ಯಾವ ಊರಿನಲ್ಲಿ ಓಡುತ್ತಿತ್ತು ಎಂಬುದನ್ನು ಅದರ ಫಲಕವೇ ಹೇಳುತ್ತದೆ. ನಾಲ್ಕೈದು ಮಂದಿ ಸ್ನೇಹಿತರು ಸೇರಿ ನಿಮ್ಮ ಊರಿನ ವೃತ್ತದಲ್ಲಿ, ರಸ್ತೆಯಿಂದ ದೂರ ಸುರಕ್ಷಿತವಾಗಿ ನಿಂತು, ಒಂದು ಗಂಟೆ ಕಾಲ ಗೂಡ್ಸ್ ವಾಹನಗಳನ್ನು ಎಣಿಸಿ. ಎಷ್ಟು 45, ಎಷ್ಟು 09 ಮತ್ತು 55, ಎಷ್ಟು ಬೆಂಗಳೂರಿನವು? ಕಣ್ಣಿಗೆ ಕಾಣುವ ಕಪ್ಪು ಹೊಗೆ ಬಿಟ್ಟವು ಎಷ್ಟು? ಹಾದುಹೋಗುವ ವಾಹನಗಳೂ ಇದರಲ್ಲಿ ಸೇರುತ್ತವೆ. ಆದ್ದರಿಂದ ಬೇರೆ ಬೇರೆ ದಿನ ಮೂರು ನಾಲ್ಕು ಬಾರಿ ಎಣಿಸಿ, ಮತ್ತೆ ಮತ್ತೆ ಕಾಣುವ ವಾಹನಗಳನ್ನು ಗುರುತು ಹಾಕಿಕೊಳ್ಳಿ. ಮೇಲೆ ಹೇಳಿದ ಮಾತು ನಿಮ್ಮ ಊರಿಗೆ ಎಷ್ಟು ನಿಜ ಎಂಬುದು ನಿಮಗೇ ತಿಳಿಯುತ್ತದೆ.

ತರಗತಿಯಲ್ಲಿ ಚರ್ಚಿಸಲು ಮೂರು ಪ್ರಶ್ನೆಗಳು:

1. ವಾಹನವನ್ನು ಅದರ ವಯಸ್ಸಿನಿಂದ ತಡೆಯಬೇಕೋ, ಅದು ಬಿಡುವ ಹೊಗೆಯಿಂದ ತಡೆಯಬೇಕೋ? ಎರಡರಲ್ಲಿ ಯಾವುದು ನ್ಯಾಯ, ಯಾವುದು ಸುಲಭ?

2. ನಗರದಲ್ಲಿ ನಿಷೇಧಿಸಿದ ವಾಹನವನ್ನು ಬೇರೆ ಊರಿಗೆ ಮಾರಲು ಬಿಡಬೇಕೆ? ಬಿಡದಿದ್ದರೆ ಅದರ ಒಡೆಯನ ನಷ್ಟವನ್ನು ಯಾರು ತುಂಬಿಕೊಡಬೇಕು?

3. ನಿಮ್ಮ ಊರಿನಲ್ಲಿ ಒಂದೇ ಒಂದು ರಸ್ತೆಗೆ, ದಿನಕ್ಕೆ ಒಂದೇ ಗಂಟೆ ನಿರ್ಬಂಧ ಹಾಕಬಹುದಾದರೆ ಯಾವ ರಸ್ತೆ, ಯಾವ ಗಂಟೆ? ಯಾರಿಗೆ ವಿನಾಯಿತಿ ಕೊಡುತ್ತೀರಿ?

ಚರ್ಚೆಯ ಸಾರವನ್ನೂ ಎಣಿಕೆಯ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆದು, ನಿಮ್ಮ ಉಪಾಧ್ಯಾಯರ ಮೂಲಕ ಪುರಸಭೆಗೋ ಬಸ್ ಘಟಕಕ್ಕೋ ಕಳುಹಿಸಿ. ಅಂಕಿ ಅಂಶಗಳೊಡನೆ ಬಂದ ಮನವಿಯನ್ನು ಬದಿಗಿಡುವುದು ಯಾವ ಅಧಿಕಾರಿಗಾದರೂ ಕಷ್ಟ.